ತಯಾರಿಸಿದವರ ಬಾಗಿಲಿಗೆ ಒಂದು ಬ್ಯಾಟರಿ

ಬೇಸಿಗೆಯ ಒಂದು ಬೆಳಿಗ್ಗೆ ವರಾಂಡದಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರಿನ ಬ್ಯಾಟರಿಯನ್ನು ಎತ್ತಿಕೊಳ್ಳಲು ಹೋದೆ. ಅದರ ಮುಚ್ಚಳ ಉಬ್ಬಿತ್ತು. ಹಿಂದಿನ ಸಂಜೆ ಹಲಗೆಯಂತೆ ಚಪ್ಪಟೆಯಾಗಿದ್ದದ್ದು ಈಗ ಊದಿದ ಕೆನ್ನೆಯ ಹಾಗೆ ಕಾಣುತ್ತಿತ್ತು. ಒಂದು ಮೂಲೆಯ ಸ್ಕ್ರೂ ಕಿತ್ತು ಬಂದಿತ್ತು. ಹತ್ತಿರ ಬಗ್ಗಿದಾಗ ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬಂತು. ನಾನು ಕೋಠಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಂತ್ರಜ್ಞೆ. ದಿನವಿಡೀ ಬಾಟಲಿಗಳ ಮಧ್ಯೆ ಇರುವವಳಾದ್ದರಿಂದ ಮೂಗಿನ ಮೇಲೆ ನನಗೆ ಸ್ವಲ್ಪ ನಂಬಿಕೆ. ಈ ವಾಸನೆ ಪ್ಲಾಸ್ಟಿಕ್ ಬಿಸಿಯಾದದ್ದಲ್ಲ ಎಂದು ಗೊತ್ತಾಯಿತು. ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಗಂಡನನ್ನು ಕೂಗಿದೆ.

ಅವರು ಹಲ್ಲುಜ್ಜುತ್ತಲೇ ಬಂದು ನೋಡಿದರು. "ಇದು ಉಬ್ಬೇತಲ್ಲ," ಎಂದರು.

"ಹೂಂ. ಮುಟ್ಟಬ್ಯಾಡ್ರಿ."

"ಮತ್ತ ಏನು ಮಾಡೂದು?"

ಆ ಪ್ರಶ್ನೆಗೆ ಉತ್ತರ ಸಿಗಲು ಬೇಸಿಗೆ ಮುಗಿಯುವವರೆಗೆ ಕಾಯಬೇಕಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನಾವು ಬಾಗಲಕೋಟೆ ಕಡೆಯವರು. ಗಂಡನಿಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದೆವು. ಬಂದಾಗಿನಿಂದ ಸೀತಾಫಲ್‌ಮಂಡಿಯ ಒಂದೇ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಅಲ್ಲಿಂದ ಕೋಠಿಗೆ ಬಸ್ಸಿನಲ್ಲಿ ನಿಂತು ಹೋಗಿ ಬಂದು ನನ್ನ ಮೊಣಕಾಲು ಸೋತಿದ್ದವು. ಸ್ಕೂಟರ್ ಕೊಂಡದ್ದು ಅದಕ್ಕಾಗಿ. ಹೈದರಾಬಾದಿನಲ್ಲೇ ತಯಾರಾಗುವ ಗಾಡಿ ಎಂದು ಅಂಗಡಿಯವನು ಹೇಳಿದ್ದು ನನಗೆ ಹಿಡಿಸಿತ್ತು. ಏನಾದರೂ ಆದರೆ ತಯಾರಿಸಿದವರು ಇದೇ ಊರಿನಲ್ಲಿ ಇರುತ್ತಾರಲ್ಲ ಎಂಬ ಲೆಕ್ಕ. ಬ್ಯಾಟರಿ ಹಳತಾದ ಮೇಲೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅವನು, "ಅದು ಕಂಪನಿ ಜವಾಬ್ದಾರಿ ಮೇಡಂ, ಈಗ ಕಾನೂನೇ ಹಂಗಿದೆ," ಎಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಬ್ಯಾಟರಿ ಮಾಡಿ ಮಾರಿದವರೇ ಅದು ಸತ್ತ ಮೇಲೆ ವಾಪಸ್ ಪಡೆದು ವಿಲೇವಾರಿ ಮಾಡಬೇಕು ಎಂಬ ನಿಯಮ ನಿಜಕ್ಕೂ ಬಂದಿತ್ತು. ಬ್ಯಾಟರಿಯ ಪಕ್ಕದಲ್ಲಿ ಕಸದ ಡಬ್ಬಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಒಂದು ಗುರುತೂ ಇತ್ತು. ಇಲ್ಲಿ ಹಾಕಬೇಡಿ ಎಂದು ಅದು ಹೇಳುತ್ತಿತ್ತು. ಎಲ್ಲಿ ಹಾಕಬೇಕು ಎಂಬುದಕ್ಕೆ ಗುರುತು ಇರಲಿಲ್ಲ.

ವಾಸನೆ ಕೆಳಗಿನವರೆಗೂ ಹೋಗಿರಬೇಕು. ಮನೆಯ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಅವರು ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಬಹಳ ವರ್ಷ ರಾಯಚೂರಿನ ಬಸ್ಸಿನಲ್ಲಿ ದುಡಿದಿದ್ದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ಕನ್ನಡದಲ್ಲಿ ಅರ್ಧ ತೆಲುಗು, ಕಾಲು ಉರ್ದು. ಉಳಿದದ್ದು ಬಸ್ಸಿನೊಳಗೆ ಕೂಗಿ ಕಲಿತದ್ದು. ಬ್ಯಾಟರಿಯನ್ನು ಒಂದು ನಿಮಿಷ ನೋಡಿದರು.

"ಇದು ಮನಿ ಒಳಗ ಬೇಡಮ್ಮ. ಮ್ಯಾಲಕ್ಕ ಒಯ್ಯೋಣ."

ತಾರಸಿಯ ಮೇಲೆ ಅವರು ಪುದೀನ ಬೆಳೆಸುತ್ತಿದ್ದ ಸಿಮೆಂಟಿನ ತೊಟ್ಟಿ ಒಂದಿತ್ತು. ಅದನ್ನು ಖಾಲಿ ಮಾಡಿಸಿದರು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಒಣ ಮರಳು ಕೇಳಿ ತಂದರು. ನನ್ನ ಗಂಡ ಹಳೆಯ ಚಾದರವನ್ನು ತೊಟ್ಟಿಲು ಮಾಡಿ ಬ್ಯಾಟರಿಯನ್ನು ಅದರಲ್ಲಿ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಹಿಂದೆ ಬಕೆಟ್ಟು ಹಿಡಿದು ನಾನು. ತೊಟ್ಟಿಯ ಮಧ್ಯದಲ್ಲಿ ಅದನ್ನು ಇಟ್ಟು, ಸುತ್ತಲೂ ಮೇಲೆಯೂ ಮರಳು ಸುರಿದೆವು. ಮಾಲೀಕರು ಕೈ ಝಾಡಿಸಿಕೊಂಡು, "ನಾಳೆ ಶೋರೂಮಿಗೆ ಹೋಗಿ ಕೊಟ್ಟು ಬಂದುಬಿಡ್ರಿ," ಎಂದರು.

ಅವರ ಹೆಂಡತಿ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾತು ಕಡಿಮೆಯ ಹೆಂಗಸು. ಅವರು ನೋಡುತ್ತಿದ್ದದ್ದು ತೊಟ್ಟಿಯನ್ನಲ್ಲ, ಅದರ ಸುತ್ತಲಿನ ತಾರಸಿಯನ್ನು. ಅದು ಆವಕಾಯಿ ಉಪ್ಪಿನಕಾಯಿ ಹಾಕುವ ಕಾಲ. ಪ್ರತಿ ವರ್ಷ ಆ ವಾರಗಳಲ್ಲಿ ತಾರಸಿಯ ತುಂಬ ಅವರ ಬಟ್ಟೆಗಳು ಹಾಸಿರುತ್ತಿದ್ದವು: ಒಂದರ ಮೇಲೆ ತೊಳೆದ ಮಾವಿನಕಾಯಿ, ಒಂದರ ಮೇಲೆ ಮೆಣಸಿನಕಾಯಿ, ಇನ್ನೊಂದರ ಮೇಲೆ ಸಾಸಿವೆ. ಉಪ್ಪಿನಕಾಯಿಯನ್ನು ಊರೂರಿನ ಬಂಧುಗಳಿಗೆ ಕಳಿಸುವುದು ಅವರ ವರ್ಷದ ದೊಡ್ಡ ಕೆಲಸ. ಅವರು ಕೆಳಗೆ ಇಳಿದು ಹೋದರು.

ಮರುದಿನ ಶೋರೂಮಿಗೆ ಹೋದೆ. ಅಲ್ಲಿ ಹಾಸಿಗೆಗಳನ್ನು ಮಾರುತ್ತಿದ್ದರು. ಸ್ಕೂಟರಿನವರು ಖಾಲಿ ಮಾಡಿ ಬಹಳ ಕಾಲವಾಯಿತು ಎಂದು ಪಕ್ಕದ ಔಷಧಿ ಅಂಗಡಿಯವನು ಹೇಳಿದ. ಎಲ್ಲಿಗೆ ಹೋದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಲ್ಯಾಬಿಗೆ ಬಂದು ಊಟದ ಬಿಡುವಿನಲ್ಲಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನನ್ನ ಕರೆ ಅವರಿಗೆ ಬಹಳ ಮುಖ್ಯ ಎಂದು ಒಂದು ಧ್ವನಿ ಮೂರು ಭಾಷೆಗಳಲ್ಲಿ ಹೇಳಿತು. ಕೊನೆಗೆ ಸಿಕ್ಕ ಹುಡುಗಿ ಸೌಜನ್ಯದಿಂದಲೇ ಮಾತಾಡಿದಳು. ನಾನು ಹೊಸ ಬ್ಯಾಟರಿ ಕೊಂಡರೆ ಹಳೆಯದನ್ನು ಡೀಲರ್ ವಾಪಸ್ ಪಡೆಯುತ್ತಾರೆ ಎಂದಳು.

"ಡೀಲರ್ ಎಲ್ಲಿದ್ದಾರೆ?" ಎಂದು ಕೇಳಿದೆ.

"ನಿಮ್ಮ ಏರಿಯಾದಲ್ಲಿ ಸದ್ಯಕ್ಕೆ ಇಲ್ಲ ಮೇಡಂ."

"ನನಗೆ ಹೊಸದು ಬೇಡ. ಇದನ್ನು ತೆಗೆದುಕೊಂಡು ಹೋದರೆ ಸಾಕು."

"ಕಂಪ್ಲೇಂಟ್ ಹಾಕಿದ್ದೀನಿ ಮೇಡಂ. ನಮ್ಮ ಟೀಮ್ ನಿಮಗೆ ಕಾಲ್ ಮಾಡುತ್ತೆ."

ಟೀಮ್ ಕಾಲ್ ಮಾಡಲಿಲ್ಲ. ನಾನು ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲ ಬೇರೆ ಹುಡುಗಿ, ಅದೇ ಸೌಜನ್ಯ. ಒಮ್ಮೆ ಮಾಲೀಕರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ಅವರ ಸ್ವರ ತುಂಬಿದ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳಿಸುವಂಥದ್ದು. ಆ ಕಡೆಯ ಹುಡುಗಿ ಅವರಿಗೂ ಕಂಪ್ಲೇಂಟ್ ಹಾಕಿಕೊಟ್ಟಳು.

ಈ ನಡುವೆ ತೊಟ್ಟಿಯನ್ನು ನೋಡಿಕೊಳ್ಳುವುದು ಮಾಲೀಕರ ದಿನಚರಿಯಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲೆ ಹೋಗಿ ಮರಳಿನ ಮೇಲೆ ಅಂಗೈ ಇಟ್ಟು ಬರುತ್ತಿದ್ದರು. ಬಿಸಿಲಿಗೆ ಕಾದದ್ದೋ ಒಳಗಿನಿಂದ ಕಾದದ್ದೋ ತಿಳಿಯದಿದ್ದಾಗ ನನ್ನನ್ನೂ ಕರೆದು ಕೈ ಇಡಿಸುತ್ತಿದ್ದರು. ನಾನು ರೋಗಿಯ ಹಣೆ ಮುಟ್ಟಿದ ಹಾಗೆ ಮುಟ್ಟಿ, "ಪರವಾಗಿಲ್ರಿ," ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ಮಳೆ ಬಂತು. ನನಗೆ ರಜೆಯಿತ್ತು. ಒಣಹಾಕಿದ ಬಟ್ಟೆ ತರಲು ಮೇಲೆ ಓಡಿದರೆ ಮಾಲೀಕರು ಆಗಲೇ ಅಲ್ಲಿದ್ದರು. ಬನಿಯನ್ ಪೂರ್ತಿ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ಕೊಡೆಯನ್ನು ತೊಟ್ಟಿಯ ಮೇಲೆ ಹಿಡಿದು ನಿಂತಿದ್ದರು. ನಾನು ತಗಡಿನ ತುಂಡೊಂದನ್ನು ಎಳೆದು ತಂದು ಮುಚ್ಚಿದ ಮೇಲೆಯೇ ಅವರು ಕೊಡೆಯನ್ನು ತಮ್ಮ ತಲೆಯ ಮೇಲೆ ತಂದುಕೊಂಡರು. ಕೆಳಗೆ ಅವರ ಹೆಂಡತಿ ಟವೆಲ್ ಕೊಡುತ್ತ ತೆಲುಗಿನಲ್ಲಿ ಏನೋ ಅಂದರು. ನನಗೆ ಅರ್ಥವಾದ ಮಟ್ಟಿಗೆ, ಮದುವೆಯಾದಾಗಿನಿಂದ ಗಂಡ ತನಗೆ ಹೀಗೆ ಒಮ್ಮೆಯೂ ಕೊಡೆ ಹಿಡಿದಿರಲಿಲ್ಲ ಎಂದು. ಅವರು ನಕ್ಕದ್ದನ್ನು ಆ ಬೇಸಿಗೆಯಲ್ಲಿ ನಾನು ನೋಡಿದ್ದು ಆಗ ಮಾತ್ರ.

ಕಸದ ಗಾಡಿಯವನನ್ನು ಕೇಳಿದ್ದಾಯಿತು. ಅವನು ತನ್ನ ಆಟೋದ ಒಳಮೈ ತೋರಿಸಿದ. ಒಂದು ಕಡೆ ಬಣ್ಣ ಸುಟ್ಟು ಕಪ್ಪಾಗಿತ್ತು. ಯಾರೋ ಕಸದಲ್ಲಿ ಇಂಥದ್ದನ್ನೇ ಸೇರಿಸಿ ಹಾಕಿದ್ದರಂತೆ. ದಾರಿಯಲ್ಲಿ ಹೊಗೆ ಬಂದು, ಎಲ್ಲ ಕಸವನ್ನೂ ನಡುರಸ್ತೆಗೆ ಸುರಿದು ಬದುಕಿಕೊಂಡನಂತೆ. ಅವನನ್ನು ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ.

ಒಯ್ಯುತ್ತೇನೆ ಎಂದವಳು ಒಬ್ಬಳೇ. ನಮ್ಮ ಬೀದಿಗೆ ಗುಜರಿ ಸಾಮಾನು ಕೊಳ್ಳಲು ಬರುತ್ತಿದ್ದ ಹೆಂಗಸು. ಯಾದಗಿರಿ ಕಡೆಯವಳು; ಗಂಡ ಗಾರೆ ಕೆಲಸಕ್ಕೆ ಹೋದರೆ ಇವಳು ತಳ್ಳುಗಾಡಿ ತಳ್ಳುತ್ತಿದ್ದಳು. ಬೀದಿಯಲ್ಲಿ ಹಿಂದಿಯಲ್ಲಿ ಕೂಗಿ, ನಮ್ಮ ಗೇಟಿನ ಮುಂದೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದಳು. ನಾವು ಐತಿ ಎನ್ನುವಲ್ಲಿ ಅವಳು ಅದ ಎನ್ನುತ್ತಿದ್ದಳು. ಅಷ್ಟು ಬಿಟ್ಟರೆ ಅವಳ ಮಾತು ಕೇಳಿದರೆ ಊರಿಗೆ ಹೋಗಿ ಬಂದ ಹಾಗೆ ಇರುತ್ತಿತ್ತು.

ಹಳೆಯ ಪೇಪರ್ ತೂಗುತ್ತಿದ್ದಾಗ ನನ್ನ ಗಂಡ ಬ್ಯಾಟರಿಯ ವಿಷಯ ತೆಗೆದರು.

"ಕೊಡ್ರಿ ಅಣ್ಣಾರ, ಒಯ್ತೀನಿ," ಎಂದಳು. "ಬ್ಯಾಟ್ರಿ ನಾವು ದಿನಾ ಒಯ್ತೀವಿ."

"ಒಯ್ದು ಏನ್ ಮಾಡ್ತಿ?" ಎಂದು ನಾನು ಕೇಳಿದೆ.

"ಒಡೀತೀವ್ರಿ. ಒಳಗ ತಾಮ್ರ ಇರ್ತದ. ಉಳಿದದ್ದು ಸುಡ್ತೀವಿ."

"ಎಲ್ಲಿ ಒಡೀತಿ?"

"ಮನಿ ಮುಂದನ. ಮತ್ತೆಲ್ಲಿ ಒಡೀಲಿ?"

ಅವಳ ಮನೆ ರೈಲ್ವೆ ಹಳಿಯ ಪಕ್ಕದ ತಗಡಿನ ಸಾಲಿನಲ್ಲಿತ್ತು. ಇದು ನೀರು ಹಾಕುವ ಹಳೆಯ ಬ್ಯಾಟರಿಯಂಥದ್ದಲ್ಲ, ಸುತ್ತಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಆರಿಸಿದರೂ ಆರುವುದಿಲ್ಲ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು. ಒಪ್ಪಲಿಲ್ಲ.

"ನನಗ ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ ಅಕ್ಕಾರ. ಹೆದರಸ್ತೀರಿ ಯಾಕ?"

ಪೇಪರಿನ ಗಂಟು ಗಾಡಿಗೆ ಎಸೆದು ಹೊರಟು ಹೋದಳು. ಆಮೇಲೆ ಕೆಲವು ತಿಂಗಳು ನಮ್ಮ ಗೇಟಿನ ಮುಂದೆ ನಿಲ್ಲಲಿಲ್ಲ.

ಆ ದಿನ ನನಗೂ ಗಂಡನಿಗೂ ಮಾತು ಬೆಳೆಯಿತು. ಅವರ ವಾದ ಸರಳವಾಗಿತ್ತು. ಆಕೆ ಕೇಳಿ ಒಯ್ಯುತ್ತಿದ್ದಾಳೆ, ನಾವು ಎಚ್ಚರಿಕೆ ಹೇಳಿದ್ದೇವೆ, ಕೆಳಗಿನವರು ನಮ್ಮಿಂದ ತಾರಸಿಗೆ ಬಟ್ಟೆ ಹಾಸದೆ ಕೂತಿದ್ದಾರೆ.

"ಕಂಪನಿಯವರು ಮಾಡಬೇಕಾದ ಕೆಲಸ ನೀ ಯಾಕ ಮೈಮ್ಯಾಲೆ ಹಾಕ್ಕೊಂಡಿ?" ಎಂದರು.

"ಅವರು ಮಾಡಾಕತ್ತಿಲ್ಲಲ್ಲ."

"ಅವರು ಮಾಡಲಿಲ್ಲಂದ್ರ ತಪ್ಪು ಅವರದು."

"ಸುಡೂದು ಮಾತ್ರ ಆಕಿ ಕೈ," ಎಂದೆ.

ನನ್ನ ಹಟಕ್ಕೆ ಲ್ಯಾಬಿನ ಹಿನ್ನೆಲೆಯೂ ಇತ್ತು. ನಮ್ಮಲ್ಲಿ ಬಳಸಿದ ಸೂಜಿಗೆ ಒಂದು ಡಬ್ಬಿ, ರಕ್ತದ ಹತ್ತಿಗೆ ಹಳದಿ ಚೀಲ, ಪ್ಲಾಸ್ಟಿಕ್ ಕೊಳವೆಗೆ ಕೆಂಪು ಚೀಲ. ಪ್ರತಿದಿನ ವ್ಯಾನ್ ಬಂದು ಒಯ್ಯುತ್ತದೆ. ಆದರೂ ಒಮ್ಮೆ ಯಾರೋ ಸೂಜಿಯನ್ನು ಮಾಮೂಲಿ ಕಸಕ್ಕೆ ಎಸೆದು, ಗುಡಿಸುವ ಹೆಂಗಸಿನ ಬೆರಳಿಗೆ ಅದು ಚುಚ್ಚಿತು. ಅವಳ ರಕ್ತವನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿದವಳು ನಾನು. ಅವಳಿಗೆ ಏನೂ ಆಗಲಿಲ್ಲ. ಆದರೆ ಪ್ರತಿ ಸಲ ಕುರ್ಚಿಯಲ್ಲಿ ಕೂತು ತೋಳು ಚಾಚುವಾಗ ಅವಳು ನನ್ನ ಮುಖ ನೋಡುತ್ತಿದ್ದ ರೀತಿ ಮರೆಯುವಂಥದ್ದಲ್ಲ. ಇದನ್ನು ಗಂಡನಿಗೆ ಹೇಳಿದೆ. ಅವರು ಟೀವಿ ಹಾಕಿಕೊಂಡರು. ಮತ್ತೆ ಆ ವಾದ ಎತ್ತಲಿಲ್ಲ.

ಕಾರ್ಖಾನೆಯನ್ನು ಪತ್ತೆ ಮಾಡಿದವರು ಮಾಲೀಕರು. ಮೇಡ್ಚಲ್ ಕಡೆ ಎಲ್ಲೋ ಇದೆ ಎಂಬುದಷ್ಟೇ ನಮಗೆ ತಿಳಿದಿತ್ತು. ಮೊಬೈಲಿನ ನಕ್ಷೆ ತೋರಿಸಿದ ಜಾಗದಲ್ಲಿ ಒಂದು ಕಲ್ಯಾಣಮಂಟಪ ಇತ್ತು. ಅವರು ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿ, ಒಂದು ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ಸಂಜೆ ಬಂದಾಗ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಅದ ಅಮ್ಮಾ. ಕಾರ್ಖಾನೆ ಅದ. ಬೋರ್ಡು ಸಣ್ಣದು, ಗೇಟು ದೊಡ್ಡದು. ಸ್ಟಾಪಿನಿಂದ ಒಳಗ ಭಾಳ ನಡೀಬೇಕು."

"ಒಳಗೆ ಬಿಟ್ರೇನ್ರಿ?"

"ಇಲ್ಲ. ವಾಚ್‌ಮನ್ ಚಾ ಕುಡಿಸಿದ. ಸಾಹೇಬ್ರು ಮೀಟಿಂಗ್ ಅಂದ." ನೀರು ಕುಡಿದು ಲೋಟ ಕೆಳಗಿಟ್ಟರು. "ಖಾಲಿ ಕೈಲಿ ಹೋದ್ರ ಮೀಟಿಂಗ್ ಇರ್ತದ. ಸಾಮಾನು ಒಯ್ಯೋಣ."

ಒಯ್ಯುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಕೊರಿಯರಿನವರು ಲಿಥಿಯಂ ಎಂಬ ಶಬ್ದ ಕೇಳಿದೊಡನೆ ತಲೆಯಾಡಿಸಿದರು. ತೊಟ್ಟಿಯೊಂದನ್ನು ಒಯ್ಯಬೇಕೆಂದರೆ ಆಟೋದವರು ಅದರಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಸುಳ್ಳು ಹೇಳಬಾರದು ಎಂದು ಮಾಲೀಕರು ಪಟ್ಟು ಹಿಡಿದಿದ್ದರು. ಬಸ್ಸಿನಲ್ಲಿ ಸೀಮೆಎಣ್ಣೆಯನ್ನು ತವರಿನ ತುಪ್ಪ ಎಂದು ಹೇಳಿ ಹತ್ತಿಸಿದವರನ್ನೆಲ್ಲ ಅವರು ಕಂಡವರು. ನಿಜ ಹೇಳಿದೊಡನೆ ಆಟೋದವರು ಹೊರಟು ಹೋಗುತ್ತಿದ್ದರು. ಕೊನೆಗೆ ಕಾಚಿಗೂಡ ಸ್ಟೇಷನ್ನಿನ ಹತ್ತಿರ ಪಾರ್ಸೆಲ್ ಹೊರುವ ಒಂದು ಸಣ್ಣ ಟ್ರಾಲಿ ಆಟೋದ ಚಾಲಕ ಒಪ್ಪಿದ. ಹಿಂದೆ ಯಾರೂ ಕೂರಬಾರದು, ಹೊಗೆ ಬಂದರೆ ತಾನು ಗಾಡಿ ನಿಲ್ಲಿಸಿ ಇಳಿದು ಓಡುತ್ತೇನೆ, ಆಮೇಲೆ ನೀವು ಏನೂ ಅನ್ನಬಾರದು ಎಂದ. ನಮಗೆ ಇದಕ್ಕಿಂತ ನ್ಯಾಯವಾದ ಕರಾರು ಸಿಗುವಂತಿರಲಿಲ್ಲ.

ಒಂದು ಶನಿವಾರ ತೊಟ್ಟಿಯನ್ನು ಹಗ್ಗ ಕಟ್ಟಿ ಕೆಳಗಿಳಿಸಿದೆವು. ಪಕ್ಕದ ಕಟ್ಟಡದ ಕೂಲಿಗಳು ಕೈ ಹಾಕಿದರು. ಮಾಲೀಕರ ಹೆಂಡತಿ ಗೇಟನ್ನು ಪೂರ್ತಿ ತೆರೆದು ಹಿಡಿದು ನಿಂತರು. ಗಾಡಿಯ ಮುಂದೆ ಚಾಲಕನ ಪಕ್ಕ ನಾನು. ಹಿಂದೆ ಗಂಡನ ಬೈಕಿನಲ್ಲಿ ಮಾಲೀಕರು. ಸಿಕಂದರಾಬಾದ್ ದಾಟುವವರೆಗೆ ಚಾಲಕ ಬಹಳ ನಿಧಾನವಾಗಿ ಓಡಿಸಿದ. ಪ್ರತಿ ಹೊಂಡದಲ್ಲೂ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಬೋವೆನಪಲ್ಲಿಯ ಸಿಗ್ನಲ್ಲಿನಲ್ಲಿ ಶಾಲೆಯ ಬಸ್ಸೊಂದು ನಮ್ಮ ಪಕ್ಕಕ್ಕೇ ಬಂದು ನಿಂತಿತು. ಚಾಲಕ ಹಿಂದಿಯಲ್ಲಿ ಮೆಲ್ಲಗೆ ಕೇಳಿದ: "ಮೇಡಂ, ಇದು ಸಿಡಿಯುತ್ತಾ?"

"ಗೊತ್ತಿಲ್ಲ," ಎಂದೆ.

ಅವನು ಸಿಗ್ನಲ್ ಬಿಡುವ ಮೊದಲೇ ಗಾಡಿಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ, ಬಸ್ಸಿನಿಂದ ದೂರ ಮಾಡಿದ. ಕೊಂಪಲ್ಲಿ ದಾಟಿದ ಮೇಲೆ ರಸ್ತೆ ಅಗಲವಾಯಿತು.

ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಮಾಲೀಕರನ್ನು ಗುರುತಿಸಿ ನಕ್ಕ. ತೊಟ್ಟಿ ನೋಡಿ ನಗು ನಿಲ್ಲಿಸಿದ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮ್ಯಾನೇಜರ್ ಹೊರಗೆ ಬಂದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಎರಡು ಫೋನು. ಒರಟು ಮನುಷ್ಯರಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದರು.

"ಮೇಡಂ, ಫ್ಯಾಕ್ಟರಿಯಲ್ಲಿ ನೇರವಾಗಿ ತಗೊಳ್ಳೋ ವ್ಯವಸ್ಥೆ ಇಲ್ಲ. ಡೀಲರ್ ಮೂಲಕ ಬರಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಡೀಲರ್ ಇಲ್ಲ. ಅಲ್ಲಿ ಈಗ ಹಾಸಿಗೆ ಮಾರುತ್ತಾರೆ."

"ಹಾಗಾದರೆ ಹೆಲ್ಪ್‌ಲೈನ್."

"ಅವರ ಹತ್ತಿರ ನನ್ನ ದೂರು ಬಹಳ ಇವೆ. ನಿಯಮದ ಪ್ರಕಾರ ಇದನ್ನು ವಾಪಸ್ ಪಡೆಯುವುದು ನಿಮ್ಮ ಕೆಲಸ ಅಲ್ಲವೇ?"

"ಹೌದು," ಎಂದರು. ಅವರು ನಿಯಮವನ್ನು ನನಗಿಂತ ಚೆನ್ನಾಗಿ ಓದಿದ್ದರು. ಒಂದೆರಡು ವಾಕ್ಯ ಹೇಳಿಯೂ ತೋರಿಸಿದರು. "ಅದಕ್ಕಾಗಿ ನಾವು ಬೇರೆ ಸಂಸ್ಥೆಗೆ ವಹಿಸಿಕೊಟ್ಟಿದ್ದೇವೆ. ಅವರು ಸಂಗ್ರಹ ಮಾಡುತ್ತಾರೆ."

"ಎಲ್ಲಿಂದ?"

"ಡೀಲರ್‌ಗಳಿಂದ."

ಮಾತು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ಹಿಂದೆ ಹಗ್ಗದ ಸದ್ದಾಯಿತು. ಮಾಲೀಕರು ಚಾಲಕನನ್ನೂ ನನ್ನ ಗಂಡನನ್ನೂ ವಾಚ್‌ಮನ್ನನ್ನೂ ಸೇರಿಸಿಕೊಂಡು ತೊಟ್ಟಿಯನ್ನು ಕೆಳಗಿಳಿಸುತ್ತಿದ್ದರು. ವಾಚ್‌ಮನ್ ಯಾಕೆ ಕೈ ಹಾಕಿದನೋ ಅವನಿಗೇ ತಿಳಿದಿರಲಾರದು. ಮಾಲೀಕರ ಸ್ವರವೇ ಹಾಗಿತ್ತು. ತೊಟ್ಟಿ ಗೇಟಿನ ನಟ್ಟನಡುವೆ ನೆಲಕ್ಕೆ ಕೂತಿತು.

"ಇದು ಇಲ್ಲಿಗೇ ಕೊನೇ ಸ್ಟಾಪು," ಎಂದರು ಮಾಲೀಕರು ಕನ್ನಡದಲ್ಲಿ. ಆಮೇಲೆ ಮ್ಯಾನೇಜರಿಗಾಗಿ ಅದನ್ನೇ ತೆಲುಗಿನಲ್ಲಿ ಹೇಳಿದರು.

ಒಳಗಿನಿಂದ ಹೊಸ ಸ್ಕೂಟರುಗಳನ್ನು ತುಂಬಿಕೊಂಡ ಲಾರಿಯೊಂದು ಹೊರಡಲು ಬಂದು ಹಾರ್ನ್ ಮಾಡಿತು. ತೊಟ್ಟಿಯನ್ನು ಸರಿಸಿ ಎಂದು ಮ್ಯಾನೇಜರ್ ಕೆಲಸಗಾರರಿಗೆ ಹೇಳಿದರು. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ಯಾರೂ ಹತ್ತಿರ ಬರಲಿಲ್ಲ. ಮ್ಯಾನೇಜರ್ ಒಂದು ಫೋನಿನಲ್ಲಿ, ಆಮೇಲೆ ಇನ್ನೊಂದರಲ್ಲಿ ಮಾತಾಡಿದರು. ನನ್ನ ಗಂಡ ಬೈಕಿಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಮುಜುಗರ ಇತ್ತು, ಸ್ವಲ್ಪ ಸಂತೋಷವೂ ಇತ್ತೆಂದು ನನಗೆ ಅನ್ನಿಸಿತು.

ಕೊನೆಗೆ ಬಂದವಳು ಸುರಕ್ಷತೆಯ ವಿಭಾಗದ ಇಂಜಿನಿಯರ್, ಮೂವತ್ತರ ಆಸುಪಾಸಿನ ಹೆಂಗಸು. ದಪ್ಪ ಕೈಗವಸು ಹಾಕಿಕೊಂಡಿದ್ದಳು. ಮರಳನ್ನು ಬದಿಗೆ ಸರಿಸಿ, ಜ್ವರ ನೋಡುವ ಉಪಕರಣದಂಥದ್ದನ್ನು ಬ್ಯಾಟರಿಯ ಕಡೆ ಹಿಡಿದು ನೋಡಿದಳು. ಇನ್ನೊಂದು ಸಲ ಹಿಡಿದಳು. ನಂತರ ಮ್ಯಾನೇಜರ್ ಕಡೆ ತಿರುಗಿ ಮೆಲ್ಲಗೆ, "ಸರ್, ಇದು ಮತ್ತೆ ರಸ್ತೆಗೆ ಹೋಗಬಾರದು. ಬಿಸಿ ಇದೆ," ಎಂದಳು.

ಮ್ಯಾನೇಜರ್ ಲಾರಿಯನ್ನೂ ತೊಟ್ಟಿಯನ್ನೂ ನೋಡಿ ತಲೆಯಾಡಿಸಿದರು. ಬ್ಯಾಟರಿ ಒಳಗೆ ಹೋಯಿತು. ನಿಯಮಕ್ಕಾಗಿಯೋ, ಲಾರಿ ನಿಂತದ್ದಕ್ಕೋ, ಬಿಸಿಯಿದ್ದದ್ದಕ್ಕೋ ನಾನು ಕೇಳಲಿಲ್ಲ.

ಎಲ್ಲಿಗೆ ಹೋಗುತ್ತದೆ ಎಂದು ನೋಡಬಹುದೇ ಎಂದು ಇಂಜಿನಿಯರನ್ನು ಕೇಳಿದೆ. ಅವಳು ಒಪ್ಪಿ ಕರೆದುಕೊಂಡು ಹೋದಳು. ಕಾಂಪೌಂಡಿನ ಹಿಂಭಾಗದಲ್ಲಿ ಗೋಡೆಯಿಲ್ಲದ ಒಂದು ತಗಡಿನ ಚಾವಣಿ. ಅದರ ಕೆಳಗೆ ಮರಳು ತುಂಬಿದ ಡ್ರಮ್ಮುಗಳು ದೂರದೂರ ನಿಂತಿದ್ದವು. ಕೆಲವುಗಳಲ್ಲಿ ಮಾತ್ರ ಬ್ಯಾಟರಿ ಇತ್ತು. ಇವನ್ನು ಒಯ್ಯುವ ಗಾಡಿ ಸಾಕಷ್ಟು ಸೇರಿದ ಮೇಲೆ ಬರುತ್ತದೆ, ಒಳಗಿನ ಲೋಹಗಳನ್ನು ತೆಗೆದು ಮತ್ತೆ ಬಳಸುತ್ತಾರೆ ಎಂದು ಅವಳು ಹೇಳಿದಳು.

"ಜನ ಹೀಗೆ ತಂದು ಕೊಡುತ್ತಾರಾ?" ಎಂದು ಕೇಳಿದೆ.

"ಕೆಲವರು ತಂದಿದ್ದಾರೆ. ಯಾರೂ ತೊಟ್ಟಿ ಸಮೇತ ತಂದಿರಲಿಲ್ಲ."

"ನೀವು ಮಾರಿದ್ದು ಇದಕ್ಕಿಂತ ಬಹಳ ಇರಬೇಕಲ್ಲ. ಉಳಿದವು ಎಲ್ಲಿವೆ?"

ಅವಳು ಕೈಗವಸು ಕಳಚುತ್ತಿದ್ದಳು. ಬೆರಳುಗಳನ್ನು ಒಂದೊಂದಾಗಿ ಎಳೆದು ಮುಗಿಸಿದ ಮೇಲೆ ಹೇಳಿದಳು. "ನಮಗೆ ಗೊತ್ತಿಲ್ಲ ಮೇಡಂ. ಎಲ್ಲೋ ಇವೆ."

ಆ ಚಾವಣಿಯ ಕೆಳಗಿನ ಖಾಲಿ ಡ್ರಮ್ಮುಗಳ ಸಾಲನ್ನು ನೋಡುತ್ತ ನನಗೆ ರೈಲ್ವೆ ಹಳಿಯ ಪಕ್ಕದ ತಗಡಿನ ಮನೆಗಳು ನೆನಪಾದವು. ಅಲ್ಲಿ ಇವತ್ತು ಯಾರು ಏನನ್ನು ಒಡೆಯುತ್ತಿದ್ದಾರೋ. ಅದು ಅವಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಹೊರಗೆ ಬಂದಾಗ ಮಾಲೀಕರಿಗೂ ಮ್ಯಾನೇಜರಿಗೂ ತೊಟ್ಟಿಯ ವಿಷಯದಲ್ಲಿ ಚರ್ಚೆ ನಡೆದಿತ್ತು. ಮರಳಿಗೂ ತೊಟ್ಟಿಗೂ ಬ್ಯಾಟರಿಯ ರಸ ತಗುಲಿರಬಹುದು, ವಾಪಸ್ ಕೊಡುವಂತಿಲ್ಲ ಎಂದು ಮ್ಯಾನೇಜರ್. ಪುದೀನ ಬೆಳೆಯುವ ತೊಟ್ಟಿ ಅದು ಎಂದು ಮಾಲೀಕರು. ಇಂಜಿನಿಯರ್ ಮಧ್ಯೆ ಬಂದು, ಆ ತೊಟ್ಟಿಯ ಪುದೀನ ತಿನ್ನಬಾರದು ಎಂದು ತಿಳಿಸಿ ಹೇಳಿದ ಮೇಲೆ ಅವರು ಬಿಟ್ಟುಕೊಟ್ಟರು. ಅದರ ಬದಲು ಮ್ಯಾನೇಜರ್ ಅಲ್ಲಿ ಬಿದ್ದಿದ್ದ ಒಂದು ಹೊಸ ನೀಲಿ ಡ್ರಮ್ಮನ್ನು ಕೊಟ್ಟರು.

ಹೊರಡುವ ಮುನ್ನ ಮ್ಯಾನೇಜರ್ ತಮ್ಮ ಕಂಪನಿಯ ಪುಟದಲ್ಲಿ ಹಾಕಲು ಒಂದು ಫೋಟೊ ಬೇಕೆಂದರು. ಜವಾಬ್ದಾರಿಯುತ ಗ್ರಾಹಕರು ಎಂದು ಹಾಕುತ್ತಾರಂತೆ. ನಾನು ಬೇಡವೆಂದೆ. ಗಂಡನೂ ಬೇಡವೆಂದರು. ಮಾಲೀಕರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕಂಪನಿಯ ಬೋರ್ಡಿನ ಕೆಳಗೆ ನೆಟ್ಟಗೆ ನಿಂತರು. ಅವರು ಸ್ಕೂಟರ್ ಹೊಡೆಯುವುದೇ ಇಲ್ಲ; ಅದನ್ನು ಮ್ಯಾನೇಜರ್ ಕೇಳಲೂ ಇಲ್ಲ.

ಮರುದಿನವೇ ತಾರಸಿಯ ಮೇಲೆ ಬಟ್ಟೆಗಳು ಹರಡಿಕೊಂಡವು. ಆದರೆ ಕಾಲ ಮೀರಿತ್ತು. ಮಾರುಕಟ್ಟೆಯಲ್ಲಿ ಉಳಿದಿದ್ದ ಮಾವಿನಕಾಯಿ ಒಳಗೆ ಹಳದಿಗೆ ತಿರುಗಿ, ಹುಳಿ ಕಳೆದುಕೊಂಡಿದ್ದವು. ಆ ವರ್ಷ ಮಾಲೀಕರ ಹೆಂಡತಿ ಹಾಕಿದ್ದು ಒಂದೇ ಭರಣಿ. ಊರುಗಳಿಗೆ ಕಳಿಸಲಿಲ್ಲ. ಒಂದು ಬಟ್ಟಲನ್ನು ನಮಗೆ ತಂದುಕೊಟ್ಟು, "ಮೆತ್ತಗಾಗಿದೆ," ಎಂದು ತೆಲುಗಿನಲ್ಲಿ ಹೇಳಿದರು. ಮೆತ್ತಗೇ ಇತ್ತು. ನಾವು ಪೂರ್ತಿ ತಿಂದೆವು.

ಸ್ಕೂಟರಿಗೆ ಹೊಸ ಬ್ಯಾಟರಿ ಹಾಕಿಸಲಿಲ್ಲ. ನಾನು ಮತ್ತೆ ಬಸ್ಸಿನಲ್ಲಿ ಓಡಾಡತೊಡಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಯಾದಗಿರಿಯ ಹೆಂಗಸು ಗೇಟಿನ ಮುಂದೆ ಮತ್ತೆ ನಿಂತಳು. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ. ಪೇಪರ್ ತೂಗಿಸಿಕೊಂಡಳು. ಅವಳ ಗಾಡಿಯ ತಳದಲ್ಲಿ, ಚೀಲಗಳ ಅಡಿಯಲ್ಲಿ, ಸ್ಕೂಟರಿನ ಬ್ಯಾಟರಿಯಂಥ ಪೆಟ್ಟಿಗೆಯೊಂದರ ಮೂಲೆ ಕಾಣುತ್ತಿತ್ತು. ಬೇರೆ ಕಂಪನಿಯದು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ಒಡ್ಯಾಂಗಿಲ್ರಿ ಅಕ್ಕಾರ," ಎಂದಳು. "ದೊಡ್ಡ ಗುಜರಿ ಸೇಠಗ ಹಂಗ ಕೊಡ್ತೀನಿ. ಅವ ಏನ್ ಮಾಡ್ತಾನೋ ಅವಗ ಗೊತ್ತು."

ಆಗ ಮಾಲೀಕರು ಕೆಳಗಿನ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ತಲೆ ಎತ್ತಿ, ಅದು ಯಾವ ಕಂಪನಿಯದು, ತೋರಿಸು ಎಂದರು. ಅವಳು ಚೀಲ ಸರಿಸಿ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಅದರ ಮೇಲಿನ ಅಕ್ಷರಗಳನ್ನು ಓದತೊಡಗಿದರು. ನನ್ನ ಬಸ್ಸಿನ ಹೊತ್ತಾಗಿತ್ತು. ಅವರಿಬ್ಬರೂ ಗಾಡಿಯ ಮೇಲೆ ಬಗ್ಗಿ ಮಾತಾಡುತ್ತಿರುವಾಗಲೇ ನಾನು ಗೇಟು ದಾಟಿ ಹೊರಟೆ.